ಸ್ಟಿಕ್ಕರ್ ಕೀಳುತ್ತಿದ್ದ ಅಕ್ಕ

ನಾನು ಇದನ್ನು ಟೈಪ್ ಮಾಡುತ್ತಿರುವ ಕಂಪ್ಯೂಟರಿನ ಮೈಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಪಿ.ಬಿ.’ ಎಂದು ಬರೆದಿದೆ. ಕಂಪನಿಯವರು ಬರೆದದ್ದಲ್ಲ. ಕಂಪನಿಯವರು ಅಂಟಿಸಿದ್ದ ಮಿಂಚುವ ಸ್ಟಿಕ್ಕರನ್ನು ಉಗುರು ಹಾಕಿ ಕಿತ್ತು, ಆ ಜಾಗದಲ್ಲಿ ಅಕ್ಕ ಬರೆದದ್ದು. ಅಕ್ಕ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಅಕ್ಷರ ಮಾಸಿಲ್ಲ, ಯಂತ್ರವೂ ಕೈಕೊಟ್ಟಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ನೋಡಿ ಬೆಲೆ ಕಟ್ಟುವವರನ್ನು ಕಂಡರೆ ಅವರಿಗೆ ಪಿತ್ತ ನೆತ್ತಿಗೇರುತ್ತಿತ್ತು. ಅಂಥ ಅಕ್ಕನ ಬಗ್ಗೆ ಬರೆದು ಮೇಲೊಂದು ಹೆಸರು ಅಂಟಿಸಿದರೆ, ಎಲ್ಲಿದ್ದರೂ ಬಂದು ಕಿತ್ತು ಹಾಕಿಯಾರು. ಮೂಡಿಗೆರೆಯಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವರಿಗಿಂತ ಮೂರು ವರ್ಷ ದೊಡ್ಡವನಾದ ನಾನೂ ಸೇರಿದಂತೆ.

ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಒಬ್ಬ ಟೈಲರಿಗೂ ಒಂದು ಟಾರ್ಪಾಲಿನ ಅಂಗಡಿಗೂ ನಡುವೆ ಅವರ ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿ ಅನ್ನುವುದಕ್ಕಿಂತ ಓಣಿ ಅನ್ನಬೇಕು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಕಬ್ಬಿಣದ ಬೀರುವಿನೊಳಗೆ ಹಗಲೂ ರಾತ್ರಿ ಒಂದು ಬಲ್ಬು ಉರಿಯುತ್ತಿತ್ತು. ಆ ಬೀರುವಿನ ಹೊರಬಾಗಿಲ ತುಂಬ ಅವರು ಕಿತ್ತ ಸ್ಟಿಕ್ಕರುಗಳು. ಮೂರು, ಐದು, ಏಳು, ಒಂಬತ್ತು ಎಂಬ ಅಂಕಿಗಳು, ಪ್ರೊ, ಮ್ಯಾಕ್ಸ್, ಅಲ್ಟ್ರಾ ಎಂಬ ಬಿರುದುಗಳು, ಒಂದರ ಮೇಲೊಂದು. ಬಂದವರಿಗೆ ಅದನ್ನು ತೋರಿಸಿ, “ಇದು ನಮ್ ಸ್ಮಶಾನ” ಅನ್ನುತ್ತಿದ್ದರು.

ನಾನು ಮೊದಲು ಅಲ್ಲಿಗೆ ಹೋದದ್ದು ಎದೆ ಉಬ್ಬಿಸಿಕೊಂಡು. ಮಗಳು ಕಾಲೇಜಿಗೆ ಸೇರಿದ್ದಳು. ಅವಳಿಗೊಂದು ಲ್ಯಾಪ್‌ಟಾಪು ಕೊಳ್ಳಲು ಚಿಕ್ಕಮಗಳೂರಿಗೆ ಹೋಗಿ, ಅಂಗಡಿಯವನು ಪ್ರೊಸೆಸರು ‘ಫೈವ್ ಸಾಕಾ ಸಾರ್, ಸೆವೆನ್ ಬೇಕಾ’ ಅಂದಾಗ, ಕಾಫಿ ಸೀಮೆಯಲ್ಲಿ ಹುಟ್ಟಿದವನು ಏನು ಹೇಳಬೇಕೋ ಅದನ್ನೇ ಹೇಳಿದ್ದೆ. ಮೇಲಿನ ಗ್ರೇಡು ಯಾವುದೋ ಅದನ್ನು ಕೊಡಿ. ಆ ಲ್ಯಾಪ್‌ಟಾಪು ಒಂದು ಫೈಲು ತೆರೆಯುವಷ್ಟರಲ್ಲಿ ನನ್ನ ಮಗಳು ಜಡೆ ಹೆಣೆದು ಮುಗಿಸುತ್ತಿದ್ದಳು. ಏನೋ ಸಣ್ಣ ದೋಷ ಇರಬೇಕೆಂದು ಅಕ್ಕನ ಮುಂದೆ ಇಟ್ಟು, “ಸೆವೆನ್ ಇದು” ಎಂದೆ.

ಅವರು ಮೊದಲು ಮಾಡಿದ ಕೆಲಸ ಸ್ಟಿಕ್ಕರ್ ಕಿತ್ತದ್ದು.

“ಅಯ್ಯೋ, ಹೊಸದು ಅದು!”

“ಇದಿದ್ರೆ ನಂಗೆ ಯಂತ್ರ ಕಾಣಲ್ಲ ಮೇಷ್ಟ್ರೇ. ಈಗ ಹೇಳಿ. ಎಂತ ಕೆಲ್ಸ ಆಗ್ಬೇಕು ಇದ್ರಲ್ಲಿ?”

ಎಂತ ಕೆಲಸ ಆಗಬೇಕು. ಮುಂದಿನ ಹನ್ನೆರಡು ವರ್ಷ ಆ ಪ್ರಶ್ನೆಯನ್ನು ಅವರ ಬಾಯಲ್ಲಿ ಎಷ್ಟು ಸಲ ಕೇಳಿದೆನೋ ದೇವರಿಗೇ ಗೊತ್ತು. ಅವತ್ತು ಮಾತ್ರ “ಎಲ್ಲಾ ಆಗ್ಬೇಕು” ಎಂದು ತಡವರಿಸಿದೆ.

“ಎಲ್ಲಾ ಅಂದ್ರೆ ಯಾವುದೂ ಅಲ್ಲ” ಎಂದು ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿದರು. “ನೋಡಿ, ಈ ಏಳು ಅನ್ನೋದು ಮನೆತನದ ಹೆಸರು ಇದ್ದಂಗೆ. ದೊಡ್ಡ ಮನೆತನ, ಒಪ್ಪೋಣ. ಅದ್ರ ಪಕ್ಕದ ನಂಬ್ರ ನೋಡಿದ್ರೆ ಎಷ್ಟನೇ ತಲೆಮಾರು ಅಂತ ಗೊತ್ತಾಗ್ತದೆ. ಕೊನೇಲೊಂದು ಅಕ್ಷರ ಇದೆಯಲ್ಲ, ಅದನ್ನ ಯಾರೂ ಓದಲ್ಲ. ಕರೆಂಟು ಎಷ್ಟು ಕುಡೀತದೆ, ಮೈ ಬಗ್ಗಿಸಿ ಎಷ್ಟು ದುಡೀತದೆ, ಎಲ್ಲಾ ಅಲ್ಲಿರೋದು. ನಿಮ್ಮ ಏಳು ಮೈಗಳ್ಳ ಏಳು. ಆಚೆ ಅಂಗಡೀಲಿ ಇದ್ಯಲ್ಲ ಐದು, ಅದು ಇದ್ರ ಕಿವಿ ಹಿಂಡ್ತದೆ.”

“ಹಂಗಾದ್ರೆ ನಂಬ್ರ ಯಾಕೆ ಕೊಡ್ಬೇಕು?”

“ನೀವು ಹೀಗೆ ಕೇಳ್ಬಾರ್ದು ಅಂತ್ಲೇ ಕೊಡೋದು ಮಾರಾಯ್ರೇ. ಹಳೇ ಮಾಲಿಗೆ ಹೊಸ ನಂಬ್ರ ಹೊಡೀತಾರೆ. ಜನ ಆ ನಂಬ್ರ ಕಲಿಯೋ ಹೊತ್ತಿಗೆ ಪದ್ಧತೀನೇ ಕಿತ್ತಾಕಿ ಮತ್ತೆ ಒಂದರಿಂದ ಶುರು ಮಾಡ್ತಾರೆ. ಕಾಫಿ ಗಿಡ ನೆಟ್ಟು ಮೊದಲ ಫಸಲು ಕುಯ್ಯೋಷ್ಟ್ರಲ್ಲಿ ಇವ್ರದ್ದು ನಾಲ್ಕು ತಲೆಮಾರು ಹುಟ್ಟಿ ಸತ್ತಿರ್ತದೆ.”

ಹಳೆಯ ಡಿಸ್ಕು ತೆಗೆದು ಬೇರೆ ಹಾಕಿ, ಮೆಮೊರಿ ಸೇರಿಸಿ ಕೊಟ್ಟರು. ಮಗಳು ಅದರಲ್ಲೇ ಡಿಗ್ರಿ ಮುಗಿಸಿದಳು. ಆದರೆ ಅವತ್ತು ಅದರ ಮೇಲೆ ಅಕ್ಕ ಬರೆದದ್ದು ‘ಸಿ’. ನನ್ನ ಎದೆಯ ಉಬ್ಬು ಅಲ್ಲೇ ಇಳಿಯಿತು.

ಈ ಎ, ಬಿ, ಸಿ ಎಲ್ಲಿಂದ ಬಂತು ಎಂಬುದಕ್ಕೆ ಅವರ ಹಿಂದಿನ ಬದುಕು ಸ್ವಲ್ಪ ತಿಳಿಯಬೇಕು. ಅಕ್ಕ ಹುಟ್ಟಿದ್ದು ಎಸ್ಟೇಟಿನ ಲೈನ್‌ಮನೆಯಲ್ಲಿ, ಅಂದರೆ ಕೂಲಿಯಾಳುಗಳ ಸಾಲುಮನೆಯಲ್ಲಿ. ಹದಿನೇಳಕ್ಕೆ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಗಾರ್ಬ್ಲಿಂಗ್ ಕೆಲಸಕ್ಕೆ ಸೇರಿದರು. ಗಾರ್ಬ್ಲಿಂಗ್ ಎಂದರೆ ಸಾಲಾಗಿ ಕೂತು, ಮುಂದೆ ಸುರಿದ ಕಾಫಿ ಬೀಜದಿಂದ ಕರಿಯದು, ಹುಳುಕು, ಒಡೆದದ್ದು ಎಲ್ಲವನ್ನೂ ಬೆರಳಲ್ಲಿ ಹೆಕ್ಕಿ ತೆಗೆಯುವುದು. ಜರಡಿಯಲ್ಲಿ ನಿಂತ ದಪ್ಪ ಬೀಜ ಎ, ಅದರ ಕೆಳಗಿನದು ಬಿ, ಇನ್ನೂ ಸಣ್ಣದು ಸಿ. ಹಣ್ಣಿನೊಳಗೆ ಎರಡರ ಬದಲು ಒಂಟಿಯಾಗಿ ಬೆಳೆದ ಉರುಟು ಬೀಜ ಪೀಬೆರಿ, ಅಂದರೆ ಪಿ.ಬಿ. ಕರಿ, ಕಂದು, ಚೂರು ಎಲ್ಲ ಸೇರಿ ಬಿ.ಬಿ.ಬಿ. ಅಲ್ಲಿ ಒಂದು ಪದ್ಧತಿ ಇತ್ತಂತೆ. ಮೂಟೆ ಗಾರ್ಬ್ಲಿಂಗ್ ಹಾಲಿಗೆ ಬರುವ ಮೊದಲು ಎಸ್ಟೇಟಿನ ಹೆಸರಿರುವ ಚೀಟಿ ತೆಗೆದು ಬರೀ ಲಾಟ್ ನಂಬರ್ ಕಟ್ಟುತ್ತಿದ್ದರು. ದೊಡ್ಡ ಧಣಿಗಳ ಮೂಟೆ ಎಂದು ಗೊತ್ತಾದರೆ ಹೆಕ್ಕುವ ಕಣ್ಣು ಸುಳ್ಳು ಹೇಳುತ್ತದೆಂದು. ಯಾವುದಾದರೂ ಲಾಟಿಗೆ ತಕರಾರು ಬಂದರೆ, ಅದನ್ನು ಹೆಕ್ಕಿದವಳೇ ಮತ್ತೆ ಕೂತು ಹೆಕ್ಕಬೇಕು. ಈ ಎರಡು ಕಟ್ಟಳೆಗಳನ್ನು ಅಕ್ಕ ಸಾಯುವ ತನಕ ಬಿಡಲಿಲ್ಲ.

ಮುಂದೆ ಆ ಹಾಲಿಗೆ ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ ಬಂತು. ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋದರು. ಅಕ್ಕ ಹೋಗಲಿಲ್ಲ. ಯಂತ್ರ ಕೂರಿಸಲು ಬಂದ ಎಂಜಿನಿಯರ ಪಕ್ಕ ನಿಂತು, “ಇದ್ರ ತಲೆ ಎಲ್ಲಿದೆ ಸಾರ್?” ಎಂದು ಕೇಳಿದರಂತೆ. ಆ ಪುಣ್ಯಾತ್ಮ ನಕ್ಕು, ಮುಚ್ಚಳ ತೆಗೆದು ತೋರಿಸಿದ. ಕ್ಯಾಮೆರಾಕ್ಕೆ ದೂಳು ಕೂತು ಅದು ಒಳ್ಳೆಯ ಬೀಜವನ್ನೂ ಎಸೆಯಲು ಶುರು ಮಾಡಿದಾಗ, ಏನಾಗಿದೆ ಎಂದು ಮೊದಲು ಹೇಳಿದವರು ಇವರು. ಎರಡು ವರ್ಷದಲ್ಲಿ ಯಂತ್ರ ಇವರ ಕೈಗೆ ಬಂತು, ಆಮೇಲೆ ಆಫೀಸಿನ ಕಂಪ್ಯೂಟರುಗಳು, ಆಮೇಲೆ ಮೂಡಿಗೆರೆಯ ಈ ಓಣಿ. “ನನ್ನ ಕೆಲ್ಸ ಕಿತ್ಕೊಂಡಿದ್ದೇ ಇದು. ಅದ್ಕೇ ಇದ್ರ ಜುಟ್ಟು ಹಿಡ್ಕೊಂಡಿದೀನಿ” ಎಂದು ಮದರ್‌ಬೋರ್ಡಿನ ದೂಳು ಊದುತ್ತ ಹೇಳುತ್ತಿದ್ದರು.

ಅವರ ಜರಡಿ ಒಂದು ಪೆನ್‌ಡ್ರೈವ್. ಅದರಲ್ಲಿ ಮೂರೇ ಕೆಲಸ. ಯಾವುದೋ ಎಸ್ಟೇಟಿನ ನಲವತ್ತು ವರ್ಷದ ಮಳೆ ದಾಖಲೆಯನ್ನು ತಿಂಗಳುವಾರು ಜೋಡಿಸುವುದು, ಫೋಟೋಗಳಿರುವ ಉದ್ದನೆಯ ಒಂದು ಕನ್ನಡ ಪತ್ರ ತೆರೆದು ಪ್ರಿಂಟಿಗೆ ಕಳಿಸುವುದು, ಒಂದು ಪಾಠದ ವಿಡಿಯೊ ಓಡಿಸುವುದು. ಶುರು ಮಾಡುವಾಗ ಪಕ್ಕದ ಹೋಟೆಲಿನಿಂದ ಒಂದು ಲೋಟ ಕಾಫಿ ಬರುತ್ತಿತ್ತು. ಕಾಫಿ ಬಿಸಿ ಇರುವಾಗಲೇ ಮೂರೂ ಮುಗಿದರೆ ಎ. ಆರಿದರೆ ಬಿ. ಕೆನೆ ಕಟ್ಟಿದರೆ ಸಿ. ಲೋಟ ತೊಳೆದು ವಾಪಸ್ ಕಳಿಸಿದ ಮೇಲೂ ಪರದೆಯ ಮೇಲೆ ಚಕ್ರ ತಿರುಗುತ್ತಿದ್ದರೆ ಬಿ.ಬಿ.ಬಿ. ಯಾವ ಲೆಕ್ಕಕ್ಕೂ ಸಿಗದೆ, ಆದರೆ ಒಂದು ಕೆಲಸವನ್ನು ಮಾತ್ರ ಗಟ್ಟಿಯಾಗಿ ಮಾಡುವುದಕ್ಕೆ ಪಿ.ಬಿ. ನನ್ನದು ಹಾಗೆ. ಮೂರು ಹಾಳಾದ ಯಂತ್ರಗಳಿಂದ ಕಟ್ಟಿದ ಒಂದು. ಬರೀ ಬರೆಯುವುದಕ್ಕೆ. ವಿಡಿಯೊ ಹಾಕಿದರೆ ಮುನಿಸಿಕೊಳ್ಳುತ್ತದೆ.

ಒಮ್ಮೆ ಒಬ್ಬ ಪ್ಲಾಂಟರು ಜೀಪಿನಲ್ಲಿ ಬಂದು, ಇನ್ನೂ ಪ್ಲಾಸ್ಟಿಕ್ ಬಿಚ್ಚದ ಲ್ಯಾಪ್‌ಟಾಪು ಇಟ್ಟು, ಇದು ಲೇಟೆಸ್ಟ್ ಹೌದೋ ಅಲ್ಲವೋ ನೋಡಿ ಹೇಳಬೇಕೆಂದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.

“ಎಂತ ಕೆಲ್ಸ ಆಗ್ಬೇಕು ಸಾರ್ ಇದ್ರಲ್ಲಿ?”

“ಕೆಲಸ ಎಲ್ಲ ಆಮೇಲೆ. ಲೇಟೆಸ್ಟ್ ಇರಬೇಕು ನಂಗೆ.”

“ಅದು ಕೆಲ್ಸ ಅಲ್ಲ ಸಾರ್, ಕಾಯಿಲೆ.”

ನಾನು ಸ್ಟೂಲಿನ ಮೇಲೆಯೇ ಕುಗ್ಗಿಹೋದೆ. ಪ್ಲಾಂಟರು ಕೆಂಪಗಾಗಿ, ಲ್ಯಾಪ್‌ಟಾಪು ಎತ್ತಿಕೊಂಡು ಹೊರಟೇ ಹೋದರು. ಎರಡು ವಾರ ಬಿಟ್ಟು ಅವರೇ ಬಂದರು. ಮಳೆ ಅಳತೆ ಬರೆದಿಡಬೇಕು, ಕಾಫಿ ರೇಟು ನೋಡಬೇಕು, ಮೊಮ್ಮಗಳ ಮುಖ ನೋಡಿ ಮಾತಾಡಬೇಕು, ಇಷ್ಟೇ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅವರ ಮನೆಯ ಅಟ್ಟದಲ್ಲಿದ್ದ ಹಳೆಯ ಯಂತ್ರವನ್ನೇ ಅಕ್ಕ ಸರಿ ಮಾಡಿಕೊಟ್ಟರು.

ಹಾಗೆಂದು ಅಕ್ಕ ತಪ್ಪೇ ಮಾಡದವರಲ್ಲ. ಹಠ ಅವರ ತಲೆಗೂ ಏರುತ್ತಿತ್ತು. ಕೊಟ್ಟಿಗೆಹಾರದ ಕಡೆಯ ಒಂದು ಎಸ್ಟೇಟಿನ ರೈಟರು, ಅಂದರೆ ಹಾಜರಿ, ಮಳೆ, ಕುಯ್ಲು ಎಲ್ಲ ಬರೆದಿಡುವ ಗುಮಾಸ್ತರು, ಹೊಸ ಕಂಪ್ಯೂಟರ್ ಕೊಳ್ಳುತ್ತೇನೆ ಎಂದು ಬಂದಾಗ, “ಬೇಡ, ಹಳೇದು ಇನ್ನೂ ಎರಡು ಕುಯ್ಲು ಓಡ್ತದೆ” ಎಂದು ‘ಎ’ ಬರೆದು ಕಳಿಸಿದ್ದರು. ಅದು ಕುಯ್ಲಿನ ನಟ್ಟನಡುವೆ, ಆಳುಗಳು ತುಂಬಿದ ದಿನವೇ ಸತ್ತುಬಿತ್ತು. ರೈಟರು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು. ಅಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಾವೇ ಕೆಲಸ ಮಾಡುತ್ತಿದ್ದ ಅಂಗಡಿಯ ಯಂತ್ರವನ್ನು ಕಳಚಿ, ಬೆಡ್‌ಶೀಟಿನಲ್ಲಿ ಸುತ್ತಿ, ಚಾರ್ಮಾಡಿ ಕಡೆಯ ಬಸ್ಸು ಹತ್ತಿ, ಮಡಿಲಲ್ಲಿಟ್ಟುಕೊಂಡು ಹೋಗಿ ಕೊಟ್ಟುಬಂದರು. ಸತ್ತ ಯಂತ್ರದ ‘ಎ’ ಅಳಿಸಿ ‘ಬಿ.ಬಿ.ಬಿ.’ ಎಂದು ತಮ್ಮ ಕೈಯಿಂದಲೇ ಬರೆದರು. “ಕೈ ನಂದು, ತಪ್ಪೂ ನಂದೇ” ಎಂದರು. ಒಂದು ತಿಂಗಳು ಅಂಗಡಿಯಲ್ಲಿ ಅವರಿಗೇ ಯಂತ್ರವಿರಲಿಲ್ಲ.

ಇನ್ನು ನಮ್ಮ ಶಾಲೆಯ ವಿಷಯ. ಅದನ್ನು ಹೇಳುವಾಗ ನನ್ನ ಮರ್ಯಾದೆಯೂ ಸ್ವಲ್ಪ ಹೋಗುತ್ತದೆ. ಹೋಗಲಿ.

ನಾನು ಪಾಠ ಮಾಡುವ ಹೈಸ್ಕೂಲು ಕೊಟ್ಟಿಗೆಹಾರದ ರಸ್ತೆಯಲ್ಲಿದೆ. ಕಂಪ್ಯೂಟರ್ ಕೋಣೆ ನನ್ನ ಸುಪರ್ದಿ. ಹನ್ನೆರಡು ಯಂತ್ರ, ಎಲ್ಲವೂ ಯಾರೋ ಬಳಸಿ ಕೊಟ್ಟವು. ಅವು ಕುಂಟುತ್ತಿದ್ದವು, ನಿಜ. ಹೊಸ ಆಪರೇಟಿಂಗ್ ವ್ಯವಸ್ಥೆ ಹಾಕಲು ಹೋದರೆ ‘ಈ ಕಂಪ್ಯೂಟರ್ ಅರ್ಹವಲ್ಲ’ ಎಂದು ಪರದೆಯ ಮೇಲೆ ಬರುತ್ತಿತ್ತು. ಬೇರೆ ಊರಿನ ಮೇಷ್ಟ್ರುಗಳು ಬಂದಾಗ ನಾನು ಆ ಕೋಣೆಗೆ ಬೀಗ ಹಾಕುತ್ತಿದ್ದೆ. ನಾಚಿಕೆ! ಅಂಥ ಹೊತ್ತಿನಲ್ಲಿ ಒಂದು ಟ್ರಸ್ಟಿನವರು ಹೊಸ ಲ್ಯಾಪ್‌ಟಾಪು ಕೊಡುತ್ತೇವೆಂದು ಬಂದರು. ನಾಲ್ಕು, ‘ಸೆವೆನ್’ ಸರಣಿಯವು. ಷರತ್ತು ಒಂದೇ. ಹಳೆಯ ಹನ್ನೆರಡನ್ನೂ ನಿರುಪಯುಕ್ತ ಎಂದು ಬರೆದುಕೊಟ್ಟು ಅವರ ಏಜೆಂಟನಿಗೆ ಒಪ್ಪಿಸಬೇಕು. ಹೆಡ್‌ಮಾಸ್ಟ್ರು ಕುಣಿದರು. ನಾನೂ ಕುಣಿದೆ. ಕಾಗದ ಬರೆದು ಸಹಿಯನ್ನೂ ಹಾಕಿದೆ. ರಿಪೇರಿಯವರ ಒಂದು ಸೀಲು ಬೇಕಿತ್ತು. ಅಕ್ಕ ಇದ್ದಾರಲ್ಲ ಎಂದು ಹೋದೆ.

ಅವರು ಕಾಗದ ಎರಡು ಸಲ ಓದಿದರು.

“ಒಂದು ತರಗತೀಲಿ ಎಷ್ಟು ಮಕ್ಳು?”

“ಮೂವತ್ತು.”

“ನಾಲ್ಕು ಯಂತ್ರ. ಅಂದ್ರೆ ಒಂದಕ್ಕೆ ಏಳೆಂಟು ಜನ. ಒಬ್ರು ಒತ್ತೋದು, ಉಳಿದವ್ರು ನೋಡೋದು. ನೋಡೋವ್ರು ಯಾರು ಮೇಷ್ಟ್ರೇ?”

ಯಾರೆಂದು ನನಗೆ ಗೊತ್ತಿತ್ತು. ಮುಂದೆ ನುಗ್ಗಲು ಬಾರದವರು, ಲೈನ್‌ಮನೆಗಳಿಂದ ಬರುವ ಹುಡುಗಿಯರು.

“ನಮ್ ಶಾಲೇಲಿ ಒಂದು ಹೊಲಿಗೆ ಯಂತ್ರ ಇತ್ತು” ಎಂದರು ಅಕ್ಕ. “ರೈಟರ ಮಗಳು ತುಳೀತಿದ್ಲು, ಮೇಸ್ತ್ರಿ ಮಗಳು ತುಳೀತಿದ್ಲು. ನಾನು ಮೂರು ವರ್ಷ ನೋಡಿದೆ. ಇವತ್ತಿಗೂ ನಂಗೆ ಒಂದು ಗುಂಡಿ ಹೊಲಿಯೋಕೆ ಬರಲ್ಲ. ನೋಡಿ ನೋಡಿ ಯಾರಿಗೂ ಕೆಲ್ಸ ಬರಲ್ಲ ಮೇಷ್ಟ್ರೇ. ಸೀಲು ಹಾಕಲ್ಲ ನಾನು. ಶನಿವಾರ ಬರ್ತೀನಿ, ಜರಡಿ ಹಿಡಿಯೋಣ. ಬಿ.ಬಿ.ಬಿ. ಬಂದ್ರೆ ನನ್ ಕೈಯಾರೆ ಒಪ್ಪಿಸ್ತೀನಿ.”

ಶನಿವಾರ ಬಂದರು. ಭಾನುವಾರವೂ ಬಂದರು. ಎಸ್ಟೇಟ್ ಆಫೀಸುಗಳು ಎಸೆದ ಯಂತ್ರಗಳಿಂದ ಕಿತ್ತಿಟ್ಟಿದ್ದ ಡಿಸ್ಕು, ಮೆಮೊರಿ ಎಲ್ಲ ಒಂದು ಕಾಫಿ ಚೀಲದಲ್ಲಿತ್ತು. ‘ಅರ್ಹವಲ್ಲ’ ಎಂದು ಹೇಳದ, ಪುಕ್ಕಟೆ ಸಿಗುವ ಬೇರೊಂದು ವ್ಯವಸ್ಥೆಯನ್ನು ಎಲ್ಲದಕ್ಕೂ ಹಾಕಿದರು. ಭಾನುವಾರ ಸಂಜೆಗೆ ನಾಲ್ಕು ಎ, ಐದು ಬಿ, ಎರಡು ಸಿ. ಒಂಬತ್ತನೇ ನಂಬರಿನ ಯಂತ್ರ ಮಾತ್ರ ಏನು ಮಾಡಿದರೂ ಏಳಲಿಲ್ಲ. ಅದಕ್ಕೆ ಬಿ.ಬಿ.ಬಿ. ಬರೆದು, “ಇದೊಂದಕ್ಕೆ ಸೀಲು ಹಾಕ್ತೀನಿ” ಎಂದರು.

ಸೋಮವಾರ ಏಜೆಂಟು ಬಂದ, ಮಿರಮಿರ ಮಿಂಚುವ ಲ್ಯಾಪ್‌ಟಾಪು ಹಿಡಿದು. ಹೆಡ್‌ಮಾಸ್ಟ್ರು ಇದ್ದರು, ಕಾಫಿ ವ್ಯಾಪಾರ ಮಾಡುವ ಶಾಲಾ ಸಮಿತಿ ಅಧ್ಯಕ್ಷರೂ ಇದ್ದರು. ಅಕ್ಕ ಒಂದು ಮೇಜಿನ ಮೇಲೆ ಒಂದೇ ತರದ ಎರಡು ಪರದೆ ಇಟ್ಟು, ಹಿಂದೆ ಯಂತ್ರಗಳನ್ನಿಡಲು ಎರಡು ರಟ್ಟಿನ ಪೆಟ್ಟಿಗೆ ಇಟ್ಟು, ಅವುಗಳ ಮುಂದೆ ಗೋಣಿಚೀಲ ಬಿಚ್ಚಿ ಮರೆ ಕಟ್ಟಿದ್ದರು. ಪೆಟ್ಟಿಗೆಗಳ ಹಿಂಬದಿ ತೆರೆದೇ ಇತ್ತು. “ಲ್ಯಾಪ್‌ಟಾಪಿಗೆ ಸೆಕೆ ಆಗ್ಬಾರ್ದು. ಆಮೇಲೆ ಮೋಸ ಅಂತಾರೆ” ಎಂದರು. ಬಲಗಡೆಗೆ ಯಾವುದು, ಎಡಗಡೆಗೆ ಯಾವುದು ಎಂದು ಏಜೆಂಟನೇ ಜೋಡಿಸಬೇಕು, ಉಳಿದ ನಾವೆಲ್ಲ ಹೊರಗೆ ನಿಲ್ಲಬೇಕು. ಅಕ್ಕನೂ ಹೊರಗೆ ನಿಂತರು.

ಏಜೆಂಟು ನಗುತ್ತ, “ಮೇಡಂ, ಇದು ಹದಿಮೂರನೇ ಜನರೇಶನ್ನು. ನಿಮ್ಮದು ಬರೀ ಆರನೇದು” ಎಂದ.

“ಗೋಣಿ ಹಿಂದೆ ಯಾವ ಜನರೇಶನ್ನೂ ಇಲ್ಲ ಕಣಪ್ಪಾ” ಎಂದರು ಅಕ್ಕ.

ಹತ್ತನೇ ತರಗತಿಯ ಇಬ್ಬರು ಹುಡುಗಿಯರು ಕೂತರು. ಲೈನ್‌ಮನೆಯವರೇ, ಅಕ್ಕ ಹುಡುಕಿ ಕೂರಿಸಿದ್ದು. ಪೆನ್‌ಡ್ರೈವಿನ ಮೂರು ಕೆಲಸ. ನಾನು ಅಧ್ಯಕ್ಷರ ಕಾಫಿ ಲೋಟ ನೋಡುತ್ತಿದ್ದೆ. ಎಡಗಡೆಯ ಹುಡುಗಿ ಕೈ ಎತ್ತಿದಾಗ ಲೋಟದಿಂದ ಇನ್ನೂ ಹಬೆ ಬರುತ್ತಿತ್ತು. ಬಲಗಡೆಯವಳು ಮುಗಿಸುವಷ್ಟರಲ್ಲಿ ಅಧ್ಯಕ್ಷರು ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡಿದ್ದರು.

“ಹೊಸದು ಹೊಸದೇ ಬಿಡ್ರೀ” ಎಂದು ಅಧ್ಯಕ್ಷರು ಎಡಗಡೆಗೆ ಕೈ ತೋರಿಸಿದರು.

ಅಕ್ಕ ಗೋಣಿ ಎತ್ತಿದರು. ಎಡಗಡೆ ಇದ್ದದ್ದು ನಮ್ಮ ನಾಲ್ಕನೇ ನಂಬರು. ಮೈಮೇಲೆ ಅಕ್ಕನ ಕೈಬರಹದಲ್ಲಿ ‘ಎ’.

ಏಜೆಂಟು ಸಾಫ್ಟ್‌ವೇರು, ಅಪ್‌ಡೇಟು ಎಂದು ಏನೇನೋ ಗೊಣಗಿದ. ಅಕ್ಕ ಅವನನ್ನು ಹಂಗಿಸಲಿಲ್ಲ. “ನಿಮ್ಮದು ಕೆಟ್ಟ ಯಂತ್ರ ಅಂತ ನಾನು ಹೇಳಲ್ಲ. ಬ್ಯಾಟರಿ ಇದೆ, ಹಗುರ ಇದೆ, ಮೆಮೊರಿ ಮಾತ್ರ ಕಮ್ಮಿ ಹಾಕಿದಾರೆ. ನಾಲ್ಕು ಕೊಡಿ, ಸಂತೋಷ. ಹನ್ನೊಂದು ಮಾತ್ರ ಕೇಳ್ಬೇಡಿ” ಎಂದರು.

ಟ್ರಸ್ಟಿನವರು ಒಪ್ಪಲಿಲ್ಲ. ನಾಲ್ಕು ಲ್ಯಾಪ್‌ಟಾಪು ಬೇರೆ ಶಾಲೆಗೆ ಹೋದವು. ಹೆಡ್‌ಮಾಸ್ಟ್ರು ಒಂದು ತಿಂಗಳು ನನ್ನ ಮುಖ ನೋಡಿ ಮಾತಾಡಲಿಲ್ಲ. ‘ಆ ಹೆಂಗಸಿನ ಮಾತು ಕೇಳಿ ಶಾಲೆ ಹಾಳು ಮಾಡಿದ್ರು’ ಎಂಬ ಮಾತು ಸ್ಟಾಫ್ ರೂಮಿನಲ್ಲಿ ನನ್ನ ಬೆನ್ನ ಹಿಂದೆ ಓಡಾಡಿತು. ನಾನು ಸಹಿ ಹಾಕಿದ್ದ ಕಾಗದವನ್ನು ಅಕ್ಕ ಹರಿದು ಹಾಕಿರಲಿಲ್ಲ. ಮಡಚಿ ನನ್ನ ಜೇಬಿಗೇ ಹಾಕಿ, “ಇಟ್ಕೊಳ್ಳಿ, ಮತ್ತೆ ಯಾವಾಗಾದ್ರೂ ನಾಚ್ಕೆ ಆದ್ರೆ ಓದ್ಕೊಳ್ಳಿ” ಎಂದಿದ್ದರು. ಈಗಲೂ ಇದೆ ಅದು.

ಅಂದಿನಿಂದ ಪ್ರತಿ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಒಂದು ಶನಿವಾರ ಅಕ್ಕ ಶಾಲೆಗೆ ಬಂದು ಹನ್ನೊಂದಕ್ಕೂ ಮತ್ತೆ ಜರಡಿ ಹಿಡಿಯುತ್ತಿದ್ದರು. ಬಿ ಇದ್ದದ್ದು ಸಿ ಆದರೆ ಅಳಿಸಿ ಬರೆಯುತ್ತಿದ್ದರು. ದಾಕ್ಷಿಣ್ಯ ಇಲ್ಲ.

ಆಮೇಲೆ ಅವರಿಗೇ ಕಾಯಿಲೆ ಬಂತು. ಚಿಕ್ಕಮಗಳೂರಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ರಿಪೋರ್ಟು ನೋಡಿ, ಮೆಲ್ಲಗೆ, ಇದು ಮೂರನೇ ಹಂತ, ಅದರಲ್ಲೂ ಬಿ ಎಂದರು. ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ನಂಬ್ರ ಬಿಡಿ ಡಾಕ್ಟ್ರೇ. ಎಂತ ಕೆಲ್ಸ ಆಗ್ತದೆ ನಂಗೆ ಇನ್ನು? ಸ್ಕ್ರೂಡ್ರೈವರ್ ಹಿಡಿಯೋಕಾಗ್ತದಾ?”

ಡಾಕ್ಟರು ಕನ್ನಡಕ ತೆಗೆದು ಅವರನ್ನೇ ನೋಡಿದರು. “ಆರು ತಿಂಗಳು ಹಿಡಿಯಬಹುದಮ್ಮ” ಎಂದರು.

ಹದಿನಾಲ್ಕು ತಿಂಗಳು ಹಿಡಿದರು. ಗ್ರೇಡು ತಪ್ಪಿದ್ದು ಡಾಕ್ಟರದ್ದು.

ಕೊನೆಯ ಸಲ ಶಾಲೆಗೆ ಬಂದಾಗ ಅವರಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ. ಹುಡುಗಿಯರು ಒಂದೊಂದೇ ಯಂತ್ರವನ್ನು ಹೊತ್ತು ಕೆಳಗಿನ ಜಗಲಿಗೆ ತಂದರು. ಕೂತಲ್ಲೇ ನೋಡಿದರು. ಕಾಫಿ ಲೋಟ ಪಕ್ಕದಲ್ಲಿತ್ತು, ಕುಡಿಯಲು ಆಗಲಿಲ್ಲ. ಎಲ್ಲ ಮುಗಿದ ಮೇಲೆ ಪೆನ್‌ಡ್ರೈವನ್ನೂ ಮಾರ್ಕರನ್ನೂ ನನ್ನ ಅಂಗೈ ಮೇಲಿಟ್ಟರು.

“ನಂಗೆ ಬರಲ್ಲ ಅಕ್ಕಾ ಇದೆಲ್ಲ. ತಪ್ಪಾದ್ರೆ?” ಎಂದೆ.

“ಆಗ್ಲಿ. ಕೈ ನಿಮ್ದು, ತಪ್ಪೂ ನಿಮ್ದೇ. ನಂದು ಅಂತ ಮಾತ್ರ ಯಾವುದನ್ನೂ ಉಳಿಸ್ಕೋಬೇಡಿ ಮೇಷ್ಟ್ರೇ. ಓಡದಿದ್ರೆ ಓಡಲ್ಲ ಅಂತ ಬರೀರಿ.”

ನಾನು ಅಲ್ಲೇ, ಮಕ್ಕಳ ಎದುರೇ ಅತ್ತುಬಿಟ್ಟೆ. ಅವರು ಅಳಲಿಲ್ಲ. ಎರಡು ತಿಂಗಳಲ್ಲಿ ಹೋದರು. ಓಣಿಯಂಥ ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಈ ವರ್ಷ ಅದೇ ಟ್ರಸ್ಟಿನಿಂದ ಮತ್ತೆ ಕಾಗದ ಬಂತು. ಈ ಸಲ ಒಂದು ಫಾರಮ್ಮು. ಪ್ರತಿ ಯಂತ್ರದ ಪ್ರೊಸೆಸರ್ ಹೆಸರು, ಸರಣಿ, ಜನರೇಶನ್ ಬರೆಯಬೇಕು. ಹತ್ತಕ್ಕಿಂತ ಹಳೆಯ ಜನರೇಶನ್ನಿನದ್ದೆಲ್ಲ ತಾನಾಗಿಯೇ ನಿರುಪಯುಕ್ತ. ಅವನ್ನೆಲ್ಲ ಒಪ್ಪಿಸಿದರೆ ಐದು ಲ್ಯಾಪ್‌ಟಾಪು. ಹೊಸದಾಗಿ ಬಂದ ಹೆಡ್‌ಮೇಡಂ ಒಳ್ಳೆಯವರು. ಫಾರಮ್ಮು ನನ್ನ ಮೇಜಿನ ಮೇಲಿಟ್ಟು, “ನೀವು ಹೇಳಿದಂತೆ ಮಾಡೋಣ ಸಾರ್” ಎಂದರು.

ನಾನು ಬಾಗಿಲು ಹಾಕಿಕೊಂಡು ಜರಡಿ ಹಿಡಿದೆ. ಒಬ್ಬನೇ, ಒಂದು ಫ್ಲಾಸ್ಕು ಕಾಫಿ ಇಟ್ಟುಕೊಂಡು. ಹತ್ತು ಯಂತ್ರ ಪಾಸಾದವು. ಆಗದಿದ್ದದ್ದು ನಾಲ್ಕನೇ ನಂಬರು. ಅವತ್ತು ಗೋಣಿಯ ಹಿಂದೆ ಗೆದ್ದ ಅದೇ ಯಂತ್ರ. ಡಿಸ್ಕು ಬದಲಿಸಿದೆ, ಮೆಮೊರಿ ಬದಲಿಸಿದೆ, ದೂಳು ಊದಿದೆ, ಬೇಡಿಕೊಂಡೆ. ಲೋಟ ತೊಳೆದಿಟ್ಟೆ. ಚಕ್ರ ತಿರುಗುತ್ತಲೇ ಇತ್ತು. ಅಕ್ಕ ಬರೆದ ‘ಎ’ಯನ್ನು ಅಳಿಸಲು ನನಗೆ ಇಡೀ ಮಧ್ಯಾಹ್ನ ಬೇಕಾಯಿತು. ಸ್ಪಿರಿಟ್ಟಿನಲ್ಲಿ ಒರೆಸಿ, ‘ಬಿ.ಬಿ.ಬಿ.’ ಎಂದು ನನ್ನ ಕೈಯಿಂದಲೇ ಬರೆದೆ. ಅಕ್ಷರ ಸೊಟ್ಟಗಾಯಿತು. ಫಾರಮ್ಮಿನ ಪ್ರೊಸೆಸರ್ ಕಾಲಮ್ಮಿನಲ್ಲೂ ಹನ್ನೊಂದು ಯಂತ್ರಗಳಿಗೂ ಈ ಗ್ರೇಡುಗಳನ್ನೇ ತುಂಬಿ ಕಳಿಸಿದೆ. ಹಳೆಯ, ಮಡಚಿದ ಕಾಗದ ಜೇಬಿನಲ್ಲಿತ್ತು. ಈ ಸಲ ‘ಒಪ್ಪಿಸುತ್ತೇವೆ’ ಎಂಬುದರ ಕೆಳಗಿನ ಸಹಿಯ ಜಾಗ ಖಾಲಿ ಬಿಟ್ಟೆ.

ಹೋದ ಗುರುವಾರ ಟ್ರಸ್ಟಿನ ಹೊಸ ಅಧಿಕಾರಿ ಬಂದ. ಚಿಕ್ಕ ವಯಸ್ಸು, ಚೆನ್ನಾಗಿ ಇಸ್ತ್ರಿ ಮಾಡಿದ ಅಂಗಿ. ಫಾರಮ್ಮು ಅಲ್ಲಾಡಿಸುತ್ತ, “ಏನ್ ಸಾರ್ ಇದು, ಎ ಅಂತೀರಿ, ಬಿ ಅಂತೀರಿ! ಇದು ಕಂಪ್ಯೂಟರ್ ಲಿಸ್ಟಾ, ಕಾಫಿ ಮಂಡಿನಾ?” ಎಂದ. ಕೋಣೆ ಸುತ್ತಿ ನೋಡುತ್ತ, ನಾಲ್ಕನೇ ನಂಬರಿನ ಮುಂದೆ ನಿಂತು, ಗೆದ್ದವನ ಹಾಗೆ ನಕ್ಕ. “ನೋಡಿ, ಇದು ಸರಿಯಾಗಿ ಆನ್ ಕೂಡ ಆಗ್ತಿಲ್ಲ. ನಾನು ಹೇಳಿದ್ದು ಇದನ್ನೇ.”

“ಅದು ಸತ್ತಿದೆ” ಎಂದೆ. “ತಗೊಂಡು ಹೋಗಿ. ನಾನೇ ಬರೆದಿದ್ದೇನೆ.”

ಹಿಂದಿನ ಸಾಲಿನಲ್ಲಿ ಎಂಟನೇ ತರಗತಿಯ ಹುಡುಗಿಯರು ತಮ್ಮ ತಮ್ಮ ಯಂತ್ರಗಳ ಮುಂದೆ ಕೂತು ಟೈಪ್ ಮಾಡುತ್ತಿದ್ದರು. ಅವನು ಉಳಿದ ಹತ್ತರ ಕಡೆ ಬೆರಳು ಮಾಡಿ, ಇವೆಲ್ಲ ಯಾವ ಜನರೇಶನ್ನು ಎಂದು ಕೇಳಿದ. ನಾನು ಗೂಟಕ್ಕೆ ನೇತುಹಾಕಿದ್ದ ಗೋಣಿಚೀಲ ತೆಗೆದು ಕೊಡವಿದೆ. ದೂಳು ಎದ್ದಿತು. ಅವನ ಕಡೆಗೆ ಒಂದು ಕುರ್ಚಿ ಎಳೆದೆ.

“ಕೂತ್ಕೊಳ್ಳಿ ಸಾರ್. ಕಾಫಿ ತರಿಸ್ತೀನಿ. ಮೊದಲು ಹೇಳಿ, ಎಂತ ಕೆಲ್ಸ ಆಗ್ಬೇಕು ಇದ್ರಲ್ಲಿ?”